ಬೆಂಕಿ ಬಿದ್ದಾಗ ಬಾಗಿಲು ಯಾರ ಮಾತು ಕೇಳುತ್ತೆ?

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಒಂದು ಕಛೇರಿಯಲ್ಲಿ ಫೈರ್ ಡ್ರಿಲ್ ಇತ್ತು. ಗಂಟೆ ಬಾರಿಸಿತು. ಮೊದಲೇ ಇ-ಮೇಲ್ ಬಂದಿದ್ದರಿಂದ ಯಾರಿಗೂ ಗಾಬರಿ ಇಲ್ಲ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಎದ್ದು, ಹರಟುತ್ತಾ ಮೆಟ್ಟಿಲ ಕಡೆ ಹೊರಟೆವು. ಅಲ್ಲಿ ನೋಡಿದರೆ ಮುಂದೆ ಹೋದವರು ಬಾಗಿಲ ಹತ್ತಿರ ನಿಂತುಬಿಟ್ಟಿದ್ದಾರೆ. ಅದು ಕಾರ್ಡು ತೋರಿಸಿದರೆ ತೆರೆಯುವ ಬಾಗಿಲು. ಎಲ್ಲರಿಗಿಂತ ಮುಂದೆ ಇದ್ದವರ ಕಾರ್ಡು ಅವರ ಮೇಜಿನ ಮೇಲೆ! ಹಿಂದಿನಿಂದ ಯಾರೋ ತಮ್ಮ ಕಾರ್ಡನ್ನು ಕೈಯಿಂದ ಕೈಗೆ ದಾಟಿಸಿದರು. ಬಾಗಿಲು ತೆರೆಯಿತು. ಎಲ್ಲರೂ ನಕ್ಕೆವು.

ಕೆಳಗಿಳಿದ ಮೇಲೆ ಕಟ್ಟಡದ ಉಸ್ತುವಾರಿಯವರನ್ನು ಕೇಳಿದೆ. "ನಿಜವಾಗಿ ಬೆಂಕಿ ಬಿದ್ದರೆ ಸಾಫ್ಟ್‌ವೇರ್ ತಾನಾಗೇ ಬಾಗಿಲು ತೆಗೆಯುತ್ತೆ ಸಾರ್. ಇವತ್ತು ಡ್ರಿಲ್ ಅಲ್ವಾ, ಅದಕ್ಕೇ ತೆಗೀಲಿಲ್ಲ" ಅಂದರು.

ಆ ಮಾತು ನನ್ನ ತಲೆ ಕೊರೆಯತೊಡಗಿತು. ನಿಜವಾದ ಬೆಂಕಿ ಬಿದ್ದಾಗ ಮಾತ್ರ ಕೆಲಸ ಮಾಡುತ್ತೆ ಅನ್ನುವ ಬಾಗಿಲನ್ನು ಯಾರು, ಯಾವಾಗ ಪರೀಕ್ಷೆ ಮಾಡಿದ್ದಾರೆ? ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ಗೊತ್ತಾಯಿತು, ಇದು ನೂರಿಪ್ಪತ್ತು ವರ್ಷ ಹಳೆಯ ಕಥೆ ಅಂತ. ಪ್ರತಿ ಸಲವೂ ಕಟ್ಟಡಕ್ಕೆ ಒಂದು ಹೊಸ ಯಂತ್ರ ಬರುತ್ತದೆ. "ಇನ್ನು ಭಯವಿಲ್ಲ" ಅನ್ನುತ್ತಾರೆ. ಆಮೇಲೆ ಒಂದು ದಿನ ಬೆಂಕಿ ಬಂದು ಆ ಮಾತನ್ನು ಪರೀಕ್ಷೆ ಮಾಡುತ್ತದೆ.

ಸರಿ, ಮೊದಲಿನಿಂದ ಹೇಳುತ್ತೇನೆ.

* * *

1903ರ ಡಿಸೆಂಬರ್ 30. ಅಮೆರಿಕದ ಶಿಕಾಗೋ. ಇರೋಕ್ವಾ ಎಂಬ ಹೊಚ್ಚಹೊಸ ರಂಗಮಂದಿರ ಬಾಗಿಲು ತೆರೆದು ಐದೇ ವಾರ ಆಗಿತ್ತು. "ಇದಕ್ಕೆ ಬೆಂಕಿಯೇ ತಾಗುವುದಿಲ್ಲ" ಎಂದು ಜಾಹೀರಾತು ಬೇರೆ. ಕ್ರಿಸ್‌ಮಸ್ ರಜೆಯ ಮಧ್ಯಾಹ್ನದ ಆಟ, ಒಳಗೆಲ್ಲ ಹೆಂಗಸರು, ಮಕ್ಕಳು. ವೇದಿಕೆಗೆ ಬೆಳಕು ಕೊಡುತ್ತಿದ್ದ ವಿದ್ಯುತ್ ಆರ್ಕ್ ದೀಪದಿಂದ ಕಿಡಿ ಹಾರಿ ಪರದೆಗೆ ಹತ್ತಿಕೊಂಡಿತು. ಇಂಥ ಹೊತ್ತಿಗೆಂದೇ ಇದ್ದ ಕಲ್ನಾರಿನ ಪರದೆಯನ್ನು ಇಳಿಸಲು ಹೋದರೆ ಅದು ಅರ್ಧದಲ್ಲೇ ಸಿಕ್ಕಿಕೊಂಡಿತು. ವೇದಿಕೆಯ ಮೇಲಿನ ಹೊಗೆಗಿಂಡಿಗಳು ಮುಚ್ಚಿದ್ದವು. ನಟರು ಹಿಂಬಾಗಿಲು ತೆರೆದು ಓಡಿದಾಗ ಹೊರಗಿನ ತಣ್ಣನೆ ಗಾಳಿ ನುಗ್ಗಿ, ಬೆಂಕಿ ಪ್ರೇಕ್ಷಕರ ಕಡೆಗೆ ಚಿಮ್ಮಿತು.

ಜನ ಬಾಗಿಲುಗಳಿಗೆ ಓಡಿದರು. ಕೆಲವು ಬಾಗಿಲು ಅಂದದ ಪರದೆಗಳ ಹಿಂದೆ ಅಡಗಿದ್ದವು. ಕೆಲವಕ್ಕೆ ಯೂರೋಪಿನ ಬಗೆಯ ಚಿಲಕ, ಅದನ್ನು ಹೇಗೆ ತಿರುಗಿಸಬೇಕು ಅನ್ನುವುದೇ ಯಾರಿಗೂ ತಿಳಿಯದು. ಮೆಟ್ಟಿಲ ಬಳಿಯ ಕಬ್ಬಿಣದ ಗೇಟುಗಳಿಗೆ ಬೀಗ, ಕಡಿಮೆ ದುಡ್ಡಿನ ಟಿಕೆಟ್ಟಿನವರು ದುಬಾರಿ ಸೀಟಿಗೆ ಬಂದು ಕೂರಬಾರದು ಅಂತ! ಸುಮಾರು 600 ಮಂದಿ ಸತ್ತರು. ಕಟ್ಟಡದ ಗೋಡೆಗಳಿಗೆ ಮಾತ್ರ ಹೆಚ್ಚೇನೂ ಆಗಲಿಲ್ಲ. ಜಾಹೀರಾತು ಸುಳ್ಳು ಹೇಳಿರಲಿಲ್ಲ ನೋಡಿ, ಕಟ್ಟಡಕ್ಕೆ ಬೆಂಕಿ ತಾಗುವುದಿಲ್ಲ ಅಂದಿತ್ತೇ ಹೊರತು ಒಳಗಿದ್ದವರ ಬಗ್ಗೆ ಏನೂ ಹೇಳಿರಲಿಲ್ಲ.

ಆ ದಿನ ಆ ಆಟಕ್ಕೆ ಹೋಗಬೇಕಿದ್ದು, ಹೋಗದೆ ಉಳಿದವರಲ್ಲಿ ಕಾರ್ಲ್ ಪ್ರಿಂಜ್ಲರ್ ಒಬ್ಬರು. ಇಂಡಿಯಾನಾಪೊಲಿಸ್‌ನಲ್ಲಿ ಬೀಗ, ತಿರುಪು, ಕಬ್ಬಿಣದ ಸಾಮಾನು ಮಾರುವ ಕಂಪನಿಯಲ್ಲಿದ್ದವರು. ಹೆನ್ರಿ ಡ್ಯುಪಾಂಟ್ ಎಂಬ ವಾಸ್ತುಶಿಲ್ಪಿಯ ಜೊತೆ ಸೇರಿ ಅವರು ತಯಾರಿಸಿದ ಸಾಧನ 1908ರಲ್ಲಿ ಮಾರುಕಟ್ಟೆಗೆ ಬಂತು. ಬಾಗಿಲಿಗೆ ಅಡ್ಡಲಾಗಿ ಒಂದು ಕಂಬಿ. ಹೊರಗಿನಿಂದ ಬೀಗ ಹಾಕಿರಬಹುದು, ಆದರೆ ಒಳಗಿನಿಂದ ಆ ಕಂಬಿಗೆ ಮೈ ತಾಗಿಸಿ ತಳ್ಳಿದರೆ ಸಾಕು, ಬಾಗಿಲು ತೆರೆಯುತ್ತದೆ. ಇಂದಿಗೂ ಮಾಲ್, ಸಿನೆಮಾ ಮಂದಿರಗಳ ಹಿಂಬಾಗಿಲಲ್ಲಿ ನಾವು ನೋಡುವ 'ಪ್ಯಾನಿಕ್ ಬಾರ್' ಇದೇ. ಕೀಲಿ ಬೇಡ, ಕರೆಂಟ್ ಬೇಡ, ಓದು ಬರಹ ಬೇಡ. ಕತ್ತಲಲ್ಲಿ ಹೆದರಿ ಓಡಿಬಂದ ಮಗು ಢಿಕ್ಕಿ ಹೊಡೆದರೂ ತೆರೆಯಬೇಕು. ಬೆಂಕಿಯ ಹೊತ್ತಿನಲ್ಲಿ ಬಾಗಿಲು ಮನುಷ್ಯನ ಮೈಯ ಮಾತು ಕೇಳಬೇಕು ಅನ್ನುವ ಈ ತತ್ವವನ್ನು ಜಗತ್ತು 600 ಜೀವ ತೆತ್ತು ಕಲಿತಿತು.

ಕಲಿತಿತು ಅಂದೆನಲ್ಲ, ಎಲ್ಲರೂ ಕಲಿಯಲಿಲ್ಲ.

* * *

1911ರ ಮಾರ್ಚ್ 25. ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಉಡುಪು ಕಾರ್ಖಾನೆ, ಹತ್ತು ಅಂತಸ್ತಿನ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿ. ಒಂಬತ್ತನೆಯ ಅಂತಸ್ತಿನಲ್ಲಿ ಮೆಟ್ಟಿಲಿಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು, 146 ಜನ ಸತ್ತರು, ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಇಷ್ಟು ಹಲವರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಒಂದಿದೆ. ಆ ಕಾಲಕ್ಕೆ ಆ ಕಾರ್ಖಾನೆಯೂ 'ಸ್ಮಾರ್ಟ್' ಆಗಿತ್ತು! ಅಂತಸ್ತುಗಳ ನಡುವೆ ಟೆಲಿಫೋನ್ ಇತ್ತು. ಜೊತೆಗೆ ಟೆಲಾಟೋಗ್ರಾಫ್ ಅನ್ನುವ ಯಂತ್ರ, ಇಲ್ಲಿ ಪೆನ್ನಿನಿಂದ ಬರೆದರೆ ಅದೇ ಬರಹ ಇನ್ನೊಂದು ಅಂತಸ್ತಿನಲ್ಲಿ ತಾನಾಗಿ ಮೂಡುತ್ತಿತ್ತು.

ಎಂಟನೆಯ ಅಂತಸ್ತಿನಲ್ಲಿ ಬೆಂಕಿ ಹೊತ್ತಿದಾಗ ಅಲ್ಲಿನ ಲೆಕ್ಕಪತ್ರದ ಹುಡುಗಿ ಮೊದಲು ಆ ಯಂತ್ರದಲ್ಲೇ ಹತ್ತನೆಯ ಅಂತಸ್ತಿಗೆ ಸುದ್ದಿ ಮುಟ್ಟಿಸಲು ನೋಡಿದಳು. ಉತ್ತರ ಬರಲಿಲ್ಲ. ಫೋನ್ ಮಾಡಿದಳು. ಮಾಲೀಕರಿದ್ದ ಹತ್ತನೆಯ ಅಂತಸ್ತಿಗೆ ವಿಷಯ ತಿಳಿಯಿತು, ಅಲ್ಲಿನ ಬಹುತೇಕ ಎಲ್ಲರೂ ಛಾವಣಿಗೆ ಹತ್ತಿ ಪಾರಾದರು. ಆದರೆ ಎಂಟರಿಂದ ಒಂಬತ್ತಕ್ಕೆ ಫೋನ್ ಹೋಗಬೇಕಾದರೆ ಹತ್ತನೆಯ ಅಂತಸ್ತಿನ ಸ್ವಿಚ್‌ಬೋರ್ಡಿನಲ್ಲಿ ಕೂತವರು ತಂತಿ ಜೋಡಿಸಿಕೊಡಬೇಕಿತ್ತು. ಅಲ್ಲಿದ್ದವರು ಬೆಂಕಿ ಎಂದು ಕೇಳಿದ್ದೇ ತಡ ಎದ್ದು ಓಡಿದ್ದರು. ಒಂಬತ್ತನೆಯ ಅಂತಸ್ತಿಗೆ ಸುದ್ದಿ ಮುಟ್ಟಿಸಿದ್ದು ಬೆಂಕಿಯೇ.

ಎಲ್ಲ ಮಾತೂ ಒಂದೇ ಪೆಟ್ಟಿಗೆಯ ಮೂಲಕ ಹಾದುಹೋಗಬೇಕು, ಆ ಪೆಟ್ಟಿಗೆ ಸತ್ತರೆ ಎಲ್ಲವೂ ಮೂಕ. ಇವತ್ತು 'ಸರ್ವರ್ ಡೌನ್' ಅನ್ನುತ್ತೇವಲ್ಲ, ಅದೇ ಕಥೆ.

ವಿಚಿತ್ರವೆಂದರೆ, ಯಾರ ಅಪ್ಪಣೆಗೂ ಕಾಯದೆ ಬೆಂಕಿ ಆರಿಸುವ ಸಾಧನ ಅಷ್ಟರಲ್ಲಾಗಲೇ ಹುಟ್ಟಿ ಮೂವತ್ತೇಳು ವರ್ಷವಾಗಿತ್ತು. 1874ರಲ್ಲಿ ಹೆನ್ರಿ ಪಾರ್ಮಲೀ ಎಂಬಾತ ನ್ಯೂ ಹೇವನ್ ಊರಿನ ತನ್ನ ಪಿಯಾನೋ ಕಾರ್ಖಾನೆಗೆ ಸ್ವಯಂಚಾಲಿತ ಸ್ಪ್ರಿಂಕ್ಲರ್ ಹಾಕಿಸಿದ್ದ. ನೀರಿನ ಕೊಳವೆಯ ಬಾಯಿಗೆ ಬೇಗ ಕರಗುವ ಬೆಸುಗೆ. ಬಿಸಿ ತಾಗಿದರೆ ಬೆಸುಗೆ ಕರಗಿ ನೀರು ಸುರಿಯುತ್ತದೆ. ಈಗ ನಮ್ಮ ಕಛೇರಿಗಳ ಸೂರಿನಲ್ಲಿ ಕಾಣುವ ಕೆಂಪು ದ್ರವದ ಗಾಜಿನ ಬಲ್ಬು ಅದರದೇ ಮರಿಮಗು, 68 ಡಿಗ್ರಿ ಮುಟ್ಟಿದರೆ ಒಡೆಯುತ್ತದೆ. ಸಿನೆಮಾದಲ್ಲಿ ತೋರಿಸುವ ಹಾಗೆ ಎಲ್ಲವೂ ಒಟ್ಟಿಗೆ ಸುರಿಯುವುದಿಲ್ಲ. ಯಾವುದಕ್ಕೆ ಬಿಸಿ ತಾಗಿತೋ ಅದೊಂದೇ. ಇಡೀ ಕಟ್ಟಡದಲ್ಲೇ ದಡ್ಡ ಯಂತ್ರ ಇದು, ಯಾರನ್ನೂ ಕೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ. ಅದಕ್ಕೇ ಅಷ್ಟು ನಂಬಿಕಸ್ಥ. ಟ್ರಯಾಂಗಲ್ ಕಾರ್ಖಾನೆಯಲ್ಲಿ ಇದು ಇರಲಿಲ್ಲ.

* * *

ಮುಂದಿನ ಹೊಸ ಯಂತ್ರ ಹವಾನಿಯಂತ್ರಣ. ಕಿಟಕಿಗಳು ಮುಚ್ಚಿಕೊಂಡವು, ಗೋಡೆಗಳು ಗಾಜಾದವು, ಇಡೀ ಕಟ್ಟಡ ಒಂದೇ ಶ್ವಾಸಕೋಶದಿಂದ ಉಸಿರಾಡತೊಡಗಿತು.

1980ರ ನವೆಂಬರ್ 21ರ ಬೆಳಿಗ್ಗೆ ಲಾಸ್ ವೇಗಸ್ಸಿನ ಎಂಜಿಎಂ ಗ್ರ್ಯಾಂಡ್ ಹೋಟೆಲಿನ ಕೆಳಗಿನ ಉಪಾಹಾರ ಗೃಹದಲ್ಲಿ, ತಿಂಡಿ ತಣ್ಣಗಿಡುವ ಪೆಟ್ಟಿಗೆಯೊಂದರ ವಿದ್ಯುತ್ ದೋಷದಿಂದ ಬೆಂಕಿ ಹುಟ್ಟಿತು. ಆ ಜಾಗದಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ದಿನದ 24 ಗಂಟೆಯೂ ಜನ ಇರುವ ಜಾಗ, ಯಾರಾದರೂ ನೋಡೇ ನೋಡುತ್ತಾರೆ ಎಂದು ವಿನಾಯಿತಿ ಸಿಕ್ಕಿತ್ತು. ಬೆಂಕಿ ಬಿದ್ದ ಹೊತ್ತಿಗೆ ಉಪಾಹಾರ ಗೃಹ ಮುಚ್ಚಿತ್ತು! ಬೆಂಕಿ ಕೆಳಗಿನ ಜೂಜಿನ ಅಂಗಣದಲ್ಲೇ ಉಳಿಯಿತು. ಆದರೆ ಸತ್ತ 85 ಜನರಲ್ಲಿ ಬಹುಪಾಲು ಜನ ಸತ್ತದ್ದು ಎಷ್ಟೋ ಅಂತಸ್ತು ಮೇಲೆ, ಸುಟ್ಟಲ್ಲ, ಉಸಿರುಗಟ್ಟಿ. ಲಿಫ್ಟಿನ ಬಾವಿ, ಮೆಟ್ಟಿಲ ಗೂಡು, ಎ.ಸಿ. ಕೊಳವೆ, ಎಲ್ಲವೂ ಹೊಗೆಯನ್ನು ಕೋಣೆ ಕೋಣೆಗೆ ಹಂಚಿದವು. ಮೆಟ್ಟಿಲಿಗೆ ಇಳಿದವರಿಗೆ ಇನ್ನೊಂದು ಆಘಾತ ಕಾದಿತ್ತು. ಹಿಂದೆ ಮುಚ್ಚಿಕೊಂಡ ಬಾಗಿಲು ಮೆಟ್ಟಿಲ ಕಡೆಯಿಂದ ತೆರೆಯುತ್ತಿರಲಿಲ್ಲ, ಕಳ್ಳರ ಭಯಕ್ಕೆ ಮಾಡಿದ್ದ ಏರ್ಪಾಡು.

ಈ ಹೊಗೆಯ ಕಥೆ ನಮ್ಮ ದೇಶದಲ್ಲೂ ಮತ್ತೆ ಮತ್ತೆ ನಡೆಯಿತು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಕೆಳಗಿನ ಟ್ರಾನ್ಸ್‌ಫಾರ್ಮರಿನ ಬೆಂಕಿಯ ಹೊಗೆ ಬಾಲ್ಕನಿಗೇರಿತು. ದಾರಿಗೆ ಅಡ್ಡವಾಗಿ ಹೆಚ್ಚುವರಿ ಕುರ್ಚಿ ಹಾಕಿದ್ದರು. 59 ಜನ ಹೋದರು. 2011ರ ಡಿಸೆಂಬರ್ 9ರಂದು ಕೋಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹುಟ್ಟಿದ ಹೊಗೆ, ಗಾಜು ಮುಚ್ಚಿದ ಕಟ್ಟಡದೊಳಗೆ ಹಾಸಿಗೆಯಿಂದ ಏಳಲಾರದ ರೋಗಿಗಳ ತನಕ ಹೋಯಿತು. ಸುಮಾರು 90 ಜನ ಹೋದರು.

ಈ ಎರಡರ ನಡುವೆ, ನಮ್ಮ ಬೆಂಗಳೂರಿನದೂ ಒಂದಿದೆ. 2010ರ ಫೆಬ್ರವರಿ 23, ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್. ಏಳಂತಸ್ತು, ತುಂಬ ಕಛೇರಿಗಳು. ವಿದ್ಯುತ್ ತಂತಿಗಳು ಹಾಯುವ ಡಕ್ಟಿನಲ್ಲಿ ಹುಟ್ಟಿದ ಹೊಗೆ ಮೇಲೇರಿತು. ಉಸಿರಾಡಲಾಗದೆ ಜನ ಗಾಜು ಒಡೆದರು, ಕೆಲವರು ಕಿಟಕಿಯಿಂದಲೇ ಹಾರಿದರು. ಒಂಬತ್ತು ಜನ ತೀರಿಹೋದರು. ಟೀವಿಯಲ್ಲಿ ಆ ದೃಶ್ಯ ನೋಡಿದ ಯಾರೂ ಮರೆತಿರಲಾರರು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೋದವರು, ನಮ್ಮ ನಿಮ್ಮಂಥವರು.

* * *

ಹಾಗಾದರೆ ಎಚ್ಚರಿಸುವ ಯಂತ್ರಗಳು ಬರಲಿಲ್ಲವೇ? ಬಂದವು. ಹೊಗೆ ಪತ್ತೆ ಮಾಡುವ ಸೆನ್ಸರ್‌ಗಳು ಎಷ್ಟೋ ಜೀವ ಉಳಿಸಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರ ಹೇಳಿದ್ದನ್ನು ಮನುಷ್ಯ ನಂಬಬೇಕಲ್ಲ?

1988ರ ಮೇ 4ರ ರಾತ್ರಿ. ಲಾಸ್ ಏಂಜಲಿಸ್‌ನ 62 ಅಂತಸ್ತಿನ ಫಸ್ಟ್ ಇಂಟರ್‌ಸ್ಟೇಟ್ ಬ್ಯಾಂಕ್ ಕಟ್ಟಡ. ಹನ್ನೆರಡನೆಯ ಅಂತಸ್ತಿನ ಸೆನ್ಸರ್‌ಗಳು ಕೆಳಗಿನ ಸೆಕ್ಯುರಿಟಿ ಮೇಜಿಗೆ ಸರಿಯಾಗಿಯೇ ಹೇಳಿದವು. ಮೇಜಿನಲ್ಲಿದ್ದವರು ಅಲಾರಾಂ ಒತ್ತಿ ಆರಿಸಿದರು. ಮತ್ತೆ ಬಂತು, ಮತ್ತೆ ಆರಿಸಿದರು. ಕಟ್ಟಡದಲ್ಲಿ ಕೆಲಸ ನಡೆದಿತ್ತು, ಸುಮ್ಮಸುಮ್ಮನೆ ಕೂಗುವುದು ಅಭ್ಯಾಸವಾಗಿತ್ತು. ಕೊನೆಗೆ ನೋಡಿಕೊಂಡು ಬರಲು ನಿರ್ವಹಣೆಯ ನೌಕರರೊಬ್ಬರು ಲಿಫ್ಟ್ ಹತ್ತಿದರು. ಹನ್ನೆರಡನೆಯ ಅಂತಸ್ತಿನಲ್ಲಿ ಲಿಫ್ಟು ವಿಧೇಯತೆಯಿಂದ ಬಾಗಿಲು ತೆರೆಯಿತು, ಬೆಂಕಿಯ ಬಾಯಿಗೆ. ಆ ರಾತ್ರಿ ಸತ್ತವರು ಅವರೊಬ್ಬರೇ. ಅಗ್ನಿಶಾಮಕ ದಳಕ್ಕೆ ಮೊದಲು ಫೋನ್ ಮಾಡಿದವರು ಕಟ್ಟಡದ ಹೊರಗಿದ್ದು ಬೆಂಕಿ ಕಂಡ ಜನ. ಇನ್ನೂ ಒಂದು ಕೇಳಿ. ಆ ಕಟ್ಟಡಕ್ಕೆ ಸ್ಪ್ರಿಂಕ್ಲರ್ ಹಾಕುವ ಕೆಲಸ ಬಹುತೇಕ ಮುಗಿದಿತ್ತು. ಅಲಾರಾಂ ಜೋಡಣೆ ಬಾಕಿ ಇದ್ದುದರಿಂದ ನೀರಿನ ವಾಲ್ವ್ ಮುಚ್ಚಿಟ್ಟಿದ್ದರು! ದಡ್ಡ ಯಂತ್ರ ತಯಾರಾಗಿ ನಿಂತಿತ್ತು, ಜಾಣ ಯಂತ್ರಕ್ಕಾಗಿ ಕಾಯುತ್ತಾ. ಐದು ಅಂತಸ್ತು ಸುಟ್ಟುಹೋಯಿತು.

ಮೂರು ವರ್ಷದ ನಂತರ, 1991ರ ಫೆಬ್ರವರಿ 23 (ಹೌದು, ಕಾರ್ಲ್‌ಟನ್ ದುರಂತದ ತಾರೀಖೇ). ಫಿಲಡೆಲ್ಫಿಯಾದ 38 ಅಂತಸ್ತಿನ ಒನ್ ಮೆರಿಡಿಯನ್ ಪ್ಲಾಜಾ. ಬೆಂಕಿ 22ನೆಯ ಅಂತಸ್ತಿನಲ್ಲಿ ಶುರು. ಮುಖ್ಯ ವಿದ್ಯುತ್ ತಂತಿಯೂ ಬದಲಿ ತಂತಿಯೂ ಒಂದೇ ಗೂಡಿನಲ್ಲಿ ಹಾದಿದ್ದವು. ಎರಡೂ ಒಟ್ಟಿಗೆ ಹೋದವು. ಲಿಫ್ಟ್ ಇಲ್ಲ, ದೀಪ ಇಲ್ಲ, ಪಂಪ್ ಇಲ್ಲ. ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಕೊನೆಗೆ ಅಪಾಯ ಹೆಚ್ಚಾಗಿ ದಳದವರನ್ನೆಲ್ಲ ಹೊರಗೆ ಕರೆಸಿಕೊಂಡರು. ಬೆಂಕಿ ಒಂದೊಂದೇ ಅಂತಸ್ತು ತಿನ್ನುತ್ತಾ ಹೋಗಿ 30ಕ್ಕೆ ಬಂದು ನಿಂತಿತು. ಯಾಕೆ? ಆ ಅಂತಸ್ತಿನಲ್ಲಿ ಬಾಡಿಗೆಗಿದ್ದವರು ಸ್ಪ್ರಿಂಕ್ಲರ್ ಹಾಕಿಸಿದ್ದರು. ಹತ್ತು ಬಾಯಿಗಳು ತೆರೆದುಕೊಂಡವು. ಇಡೀ ನಗರದ ಅಗ್ನಿಶಾಮಕ ದಳ ಬಡಿದಾಡಿಯೂ ನಿಲ್ಲದ್ದನ್ನು ಪಾರ್ಮಲೀಯ ಹತ್ತು ಮರಿಮಕ್ಕಳು ನಿಲ್ಲಿಸಿದವು.

* * *

ಈಗ ನಮ್ಮ ಕಾಲಕ್ಕೆ ಬರೋಣ. ಇಂದಿನ ಜಾಣ ಕಟ್ಟಡದಲ್ಲಿ ದೀಪ, ಎ.ಸಿ., ಲಿಫ್ಟ್, ಕ್ಯಾಮೆರಾ, ಬಾಗಿಲು, ಅಲಾರಾಂ ಎಲ್ಲವೂ ಒಂದಕ್ಕೊಂದು ಮಾತಾಡುತ್ತವೆ. ಸರಿಯಾಗಿ ಕಟ್ಟಿದರೆ ಇದು ವರವೇ. ಹೊಗೆ ಕಂಡ ಕೂಡಲೇ ಎ.ಸಿ. ನಿಲ್ಲುತ್ತದೆ, ಕೊಳವೆಯೊಳಗಿನ ತಡೆಗಳು ಮುಚ್ಚಿಕೊಳ್ಳುತ್ತವೆ, ಮೆಟ್ಟಿಲ ಗೂಡಿಗೆ ಗಾಳಿ ತುಂಬಿ ಹೊಗೆ ಬರದಂತೆ ತಡೆಯುತ್ತದೆ, ಲಿಫ್ಟ್ ಕೆಳಗಿಳಿದು ಬಾಗಿಲು ತೆರೆದು ನಿಲ್ಲುತ್ತದೆ. ಎಂಜಿಎಂ, ಫಸ್ಟ್ ಇಂಟರ್‌ಸ್ಟೇಟ್‌ನಂಥ ಬೆಂಕಿಗಳಿಂದ ಕಲಿತ ಪಾಠಗಳೆಲ್ಲ ಇದರಲ್ಲಿವೆ.

ಆದರೆ ಟ್ರಯಾಂಗಲ್‌ನ ಸ್ವಿಚ್‌ಬೋರ್ಡ್ ಕೂಡ ಇದರಲ್ಲಿದೆ. 2016ರ ನವೆಂಬರಿನಲ್ಲಿ ಫಿನ್ಲೆಂಡಿನ ಲಪ್ಪೇನ್‌ರಾಂತಾ ಊರಿನಲ್ಲಿ ಎರಡು ವಸತಿ ಕಟ್ಟಡಗಳ ಬಿಸಿ ವ್ಯವಸ್ಥೆ ನಿಂತುಹೋಯಿತು. ಅದನ್ನು ನಡೆಸುತ್ತಿದ್ದ ಕಂಪ್ಯೂಟರಿಗೆ ಇಂಟರ್ನೆಟ್ಟಿನಿಂದ ದಾಳಿಯ ಸುರಿಮಳೆಯಾಗಿ, ಅದು ಮತ್ತೆ ಮತ್ತೆ ತಾನೇ ಆಫ್ ಆಗಿ ಆನ್ ಆಗುತ್ತಿತ್ತು. ಅಲ್ಲಿ ಹೋದದ್ದು ಬಿಸಿ. ಅದೇ ಜಾಲಕ್ಕೆ ಬಾಗಿಲುಗಳನ್ನೂ ಪೋಣಿಸಿದ್ದರೆ? 2017ರ ಜೂನ್ 14ರಂದು 72 ಜನರನ್ನು ಬಲಿ ಪಡೆದ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ, ಅಗ್ನಿಶಾಮಕ ಸಿಬ್ಬಂದಿ ಲಿಫ್ಟನ್ನು ತಮ್ಮ ಹತೋಟಿಗೆ ತೆಗೆದುಕೊಳ್ಳಲು ಇದ್ದ ಸ್ವಿಚ್ಚು ಕೆಲಸವನ್ನೇ ಮಾಡಲಿಲ್ಲ.

ಹೊಸ ಕಟ್ಟಡ ತನ್ನ ಜೊತೆಗೆ ಹೊಸ ಉರುವಲನ್ನೂ ತಂದುಕೊಂಡಿದೆ, ಲಿಥಿಯಂ ಬ್ಯಾಟರಿ. ಯು.ಪಿ.ಎಸ್. ಕೋಣೆಯಲ್ಲಿ, ನೆಲಮಾಳಿಗೆಯ ಚಾರ್ಜಿಂಗ್ ಜಾಗದಲ್ಲಿ. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಅಂಗಡಿ, ಮೇಲೆ ಲಾಡ್ಜು. ಕೆಳಗಿನ ಬೆಂಕಿಯ ಹೊಗೆ ಮೇಲೇರಿ ಎಂಟು ಜನ ಸತ್ತರು. ಯಂತ್ರ ಹೊಸದು, ಹೊಗೆಯ ದಾರಿ ಮಾತ್ರ 1980ರದೇ.

ಇನ್ನು ನಮ್ಮ ಕಛೇರಿಯ ಬಾಗಿಲಿಗೆ ಬರುತ್ತೇನೆ. ಕಾರ್ಡಿನ ಬಾಗಿಲಿನಲ್ಲಿ ಸಾಮಾನ್ಯವಾಗಿ ಇರುವುದು ವಿದ್ಯುತ್ ಆಯಸ್ಕಾಂತ. ಕರೆಂಟ್ ಇರುವ ತನಕ ಬಾಗಿಲನ್ನು ಹಿಡಿದಿರುತ್ತದೆ, ಕರೆಂಟ್ ಹೋದರೆ ಬಿಡುತ್ತದೆ. ಒಳ್ಳೆಯದೇ. ಆದರೆ ನಮ್ಮಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದಲ್ಲ, ಅದಕ್ಕೆ ಬ್ಯಾಟರಿ ಜೋಡಿಸಿರುತ್ತಾರೆ. ಹಾಗಾಗಿ ಇಡೀ ಕಟ್ಟಡ ಕತ್ತಲಾದರೂ ಬಾಗಿಲು ಮಾತ್ರ ಬಿಗಿಯಾಗಿ ಮುಚ್ಚಿಕೊಂಡೇ ಇರುತ್ತದೆ! ಇನ್ನು ಕೆಲವು ಬೀಗಗಳಂತೂ ಕರೆಂಟ್ ಹೋದರೆ ಹೊರಗಿನಿಂದ ಮುಚ್ಚಿಕೊಳ್ಳುವ ಜಾತಿಯವು. ಅಂಥವಕ್ಕೆ ಒಳಗಡೆ ಹಿಡಿಕೆ ಇದ್ದರೆ ಮಾತ್ರ ಬದುಕು. ಸರಿಯಾದ ಕ್ರಮ ಇಷ್ಟೇ. ಬೆಂಕಿಯ ಅಲಾರಾಂ ಪೆಟ್ಟಿಗೆಯಿಂದ ಆಯಸ್ಕಾಂತದ ವಿದ್ಯುತ್ತನ್ನು ಕಡಿಯುವ ನೇರ ತಂತಿ ಇರಬೇಕು, ನಡುವೆ ಯಾವ ಸಾಫ್ಟ್‌ವೇರಿನ ದಯೆಯೂ ಬೇಕಾಗಬಾರದು. ಜೊತೆಗೆ ಬಾಗಿಲ ಪಕ್ಕದಲ್ಲಿ ಒತ್ತಿದರೆ ಆ ವಿದ್ಯುತ್ತನ್ನೇ ಕಡಿಯುವ ಹಸಿರು ಪೆಟ್ಟಿಗೆ ಇರಬೇಕು. ಅಂದರೆ 1908ರ ಕಂಬಿಯ ತತ್ವವೇ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಅನ್ನುತ್ತಾರೆ. ಇಲ್ಲಿ ಬಾವಿ ತೋಡಿಯೇ ಇದೆ, ಆದರೆ ಅದಕ್ಕೆ ಪಾಸ್‌ವರ್ಡ್ ಹಾಕಿಟ್ಟಿದ್ದೇವೆ. ಕಟ್ಟಡ ಎಷ್ಟು ಜಾಣ ಅನ್ನುವುದನ್ನು ಎಲ್ಲವೂ ಸರಿಯಿದ್ದಾಗ ಅಳೆದು ಪ್ರಯೋಜನವಿಲ್ಲ. ಅದರ ಜಾಣತನವನ್ನೆಲ್ಲ ಕಿತ್ತುಕೊಂಡ ಮೇಲೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಹೊಗೆಯಲ್ಲಿ ಕಣ್ಣು ಕಾಣುತ್ತಿಲ್ಲ ಅನ್ನುವ ಆ ಕ್ಷಣದಲ್ಲಿ ಅದು ಏನು ಮಾಡುತ್ತದೆ? ಶಿಕಾಗೋದಿಂದ ಕಾರ್ಲ್‌ಟನ್ ತನಕ ಬೆಂಕಿ ಕೇಳುತ್ತಾ ಬಂದಿರುವುದು ಇದೊಂದೇ ಪ್ರಶ್ನೆ.

ಮುಂದಿನ ಡ್ರಿಲ್‌ಗೆ ಮೊದಲು ನಾನು ಅದೇ ಉಸ್ತುವಾರಿಯವರ ಹತ್ತಿರ ಹೋದೆ. "ಈ ಸಲ ಕರೆಂಟೂ ನೆಟ್‌ವರ್ಕೂ ಎರಡನ್ನೂ ತೆಗೆದು ನೋಡೋಣ, ಬಾಗಿಲು ತೆರೆಯುತ್ತಾ ಅಂತ" ಅಂದೆ. ಅವರು ಗಾಬರಿಯಾದರು. "ಅಯ್ಯೋ, ಅದು ಆಗಲ್ಲ ಸಾರ್. ಸರ್ವರ್ ಹೋಗುತ್ತೆ."

ಒಂದೆರಡು ತಿಂಗಳು ಬೆನ್ನು ಹತ್ತಿದ ಮೇಲೆ ಹಸಿರು ಪೆಟ್ಟಿಗೆಯೇನೋ ಬಂತು. ಅದು ಬಂದ ದಿನ ನಾನೇ ಒತ್ತಿ ನೋಡಿದೆ. ಬಾಗಿಲು ಟಕ್ ಎಂದು ಬಿಟ್ಟುಕೊಂಡಿತು. ಅಲಾರಾಂ ಹೊಡೆದುಕೊಂಡು ಸೆಕ್ಯುರಿಟಿಯವರು ಓಡಿಬಂದು ಬೈದರು, ಬೈಸಿಕೊಂಡೆ. ಆದರೆ ಎಲ್ಲವನ್ನೂ ಒಟ್ಟಿಗೆ ಆರಿಸಿ ನೋಡುವ ಪರೀಕ್ಷೆ ನಾನು ಆ ಕಛೇರಿ ಬಿಡುವ ತನಕ ನಡೆಯಲೇ ಇಲ್ಲ.

ನಾಳೆ ಕಛೇರಿಗೆ ಹೋದಾಗ ಒಂದು ಕೆಲಸ ಮಾಡಿ. ಲಿಫ್ಟ್ ಬಿಟ್ಟು ಒಮ್ಮೆ ಮೆಟ್ಟಿಲಲ್ಲಿ ಇಳಿದು ನೋಡಿ. ದಾರಿಯಲ್ಲಿ ಹಳೇ ಕುರ್ಚಿ, ರಟ್ಟಿನ ಪೆಟ್ಟಿಗೆ ಎಷ್ಟಿವೆ ಎಣಿಸಿ. ಕೊನೆಯ ಬಾಗಿಲು ನಿಮ್ಮ ಕೈಯ ಮಾತು ಕೇಳುತ್ತದೋ, ಕಾರ್ಡಿನ ಮಾತು ಕೇಳುತ್ತದೋ ನೋಡಿ. ಕಾರ್ಡಿನ ಮಾತು ಮಾತ್ರ ಕೇಳುವುದಾದರೆ ಸುಮ್ಮನಿರಬೇಡಿ, ಯಾರನ್ನಾದರೂ ಕೇಳಿ. ಜನ ನಗಬಹುದು. ನಾವೂ ಅವತ್ತು ಕಾಫಿ ಲೋಟ ಹಿಡಿದುಕೊಂಡು ನಕ್ಕವರೇ.